ಹೆರಳ ಹೊನ್ನು

ಎರ್ಸಿಲಿಯಾ ಕುರ್ಚಿ ಹತ್ತಿ, ತುದಿಗಾಲಲ್ಲಿ ನಿಂತು, ಬಾಗಿಲ ಮೇಲಿದ್ದ ದೊಡ್ಡ ತಟ್ಟೆಯ ತಂತಿಯನ್ನು ಮೊಳೆಯಿಂದ ಬಿಡಿಸುತ್ತಿದ್ದಾಗ ನಾದಿನಿ ಪಾಲ್ಮೀರಾ ಅಡುಗೆಮನೆಗೆ ಬಂದಳು.

“ಅಯ್ಯೋ ದೇವ್ರೇ! ಏನತ್ತಿಗೆ ಇದು? ಅಣ್ಣ ಆ ಕೋಣೇಲಿ ಮಲಗಿದಾನೆ, ನೀನು ಇಲ್ಲಿ ಕುರ್ಚಿ ಹತ್ಕೊಂಡು ನಿಂತಿದೀಯ! ಒಂದೇ ದಿನ ಎರಡು ಹೆಣದ ಪೆಟ್ಟಿಗೆ ಹೊರಿಸ್ಬೇಕು ಅಂತಿದೀಯಾ?”

“ಬಾಯಿ ಮುಚ್ಕೊಂಡು ಕುರ್ಚಿ ಹಿಡ್ಕೋ.”

ಪಾಲ್ಮೀರಾ ಕುರ್ಚಿಯನ್ನೇನೋ ಹಿಡಿದುಕೊಂಡಳು. ಬಾಯಿ ಮುಚ್ಚುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. “ಜನ ಆಗ್ಲೇ ಬರೋಕೆ ಶುರುವಾಗಿದಾರೆ. ನೀನು ಅವನ ತಲೆದೆಸೇಲಿ ಕೂತಿರ್ಬೇಕು. ಅದನ್ನ ಯಾಕೆ ಇಳಿಸ್ತಿದೀಯ? ಧೂಳು ಒರೆಸೋ ಹೊತ್ತಾ ಇದು?”

ತಟ್ಟೆ ಕೈಗೆ ಬಂತು. ಒಂದು ಮೊಳ ಅಗಲದ್ದು, ಭಾರವಾದದ್ದು. ಎರ್ಸಿಲಿಯಾ ಅದರ ಚಿತ್ರದ ಮುಖವನ್ನು ತನ್ನ ಕಪ್ಪು ಉಡುಪಿಗೆ ಒತ್ತಿ ಹಿಡಿದು ಕೆಳಗಿಳಿದಳು. ಹಿಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಿಡಬೇಕೆಂದು ಬೆಳಗಿನ ಜಾವದಿಂದ ಲೆಕ್ಕ ಹಾಕಿದ್ದಳು. ಈಗ ಪಾಲ್ಮೀರಾಳ ಕಣ್ಣಿಗೆ ಬಿದ್ದ ಮೇಲೆ ಹಿಟ್ಟಿನ ಪೆಟ್ಟಿಗೆ ಕೆಲಸಕ್ಕೆ ಬರುವಂತಿರಲಿಲ್ಲ. ಮನಸ್ಸು ಯೋಚಿಸುವ ಮೊದಲೇ ನಾಲಿಗೆ ಹೇಳಿಬಿಟ್ಟಿತು:

“ಅವರ ಜೊತೆಗೇ ಕಳಿಸ್ತೀನಿ. ಪೆಟ್ಟಿಗೆ ಒಳಗೆ ಇಡ್ತೀನಿ.”

ಪಾಲ್ಮೀರಾಳ ಕಣ್ಣು ತುಂಬಿ ಬಂತು. “ಎಂಥಾ ಮನಸ್ಸು ಅತ್ತಿಗೆ ನಿಂದು! ಅವನಿಗೆ ಇದರ ಮೇಲೆ ಎಷ್ಟು ಪ್ರೀತಿ ಇತ್ತು! ಆದ್ರೆ ಮ್ಯೂಸಿಯಂನೋರು ಕೇಳಲ್ವಾ?”

“ಇಪ್ಪತ್ತೇಳರಲ್ಲಿ ಇಪ್ಪತ್ತಾರು ಅವರಿಗೇ ಉಳಿಯತ್ತಲ್ಲ. ಸಾಕು ಬಿಡು.”

ನಾದಿನಿ ಆಗಲೇ ಮೂಗೊರೆಸಿಕೊಳ್ಳುತ್ತ ಹೊರಗೋಡಿದ್ದಳು. ಇನ್ನು ಐದು ನಿಮಿಷದಲ್ಲಿ ಕೆಳಗಿನ ಬೀದಿಗೆಲ್ಲ ಡಂಗುರವಾಗುತ್ತದೆ ಎಂಬುದು ಎರ್ಸಿಲಿಯಾಗೆ ಗೊತ್ತಿತ್ತು. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು. ಪ್ರೀತಿಯಿಂದ ಮಾಡುತ್ತಿದ್ದಾಳೆಂದು ಊರು ಹೊಗಳುವ ಕೆಲಸವನ್ನು ಅವಳು ಹೆದರಿಕೆಯಿಂದ ಮಾಡುತ್ತಿದ್ದಳು.

ಮೊನ್ನೆ ಮಧ್ಯಾಹ್ನ ಊಟದ ಮೇಜಿನಲ್ಲಿ ಕೂತಲ್ಲೇ ಪ್ರಾಣ ಬಿಟ್ಟ ಅವಳ ಗಂಡ ರುಫೀನೊ, ದೆರೂತಾ ಊರಿನ ನಿವೃತ್ತ ಅಂಚೆಯವನು. ಎಪ್ಪತ್ತಮೂರು ವರ್ಷ. ಬಿಟ್ಟುಹೋದದ್ದು ಈ ಎರಡು ಕೋಣೆಯ ಮನೆ, ಒಂದು ಸೈಕಲ್ಲು, ಗೋಡೆ ತುಂಬ ತೂಗುಹಾಕಿದ ಇಪ್ಪತ್ತೇಳು ತಟ್ಟೆಗಳು. ಅವೆಲ್ಲ ನಾಲ್ಕೈದು ನೂರು ವರ್ಷದ ಹಿಂದೆ ಇದೇ ಊರಿನ ಕುಂಬಾರರ ಆವಿಗೆಗಳಲ್ಲಿ ಬೆಂದ, ಹೊನ್ನಿನ ಮೆರುಗಿನ ಬಿಳಿ ತಟ್ಟೆಗಳು. ತನ್ನ ನಂತರ ಅವು ಊರಿನ ಮ್ಯೂಸಿಯಂಗೆ ಸೇರಬೇಕೆಂದು ಬಾಯಿಮಾತು ಕೊಟ್ಟಿದ್ದನು. ಅಲ್ಲಿನ ಲಂದೀನಿ ಮೇಡಂ ಇವತ್ತು ಹನ್ನೊಂದಕ್ಕೆ ಅಂತ್ಯಕ್ರಿಯೆಗೆ ಬರುವವರಿದ್ದರು. ಬಂದವರು ಗೋಡೆ ನೋಡದೆ ಇರುತ್ತಾರೆಯೇ? ನೋಡಿದರೆ ಮೊದಲು ಕೇಳುವುದೇ ಇದನ್ನು. ಬೆಳಕಿಗೆ ಹಿಡಿದರೆ ತಟ್ಟೆಯ ಹೆಣ್ಣಿನ ಹೆರಳಲ್ಲಿ ಹೊನ್ನಿಲ್ಲದಿರುವುದು ಕುರುಡನಿಗೂ ಕಾಣುತ್ತದೆ. ಆ ಹೊನ್ನನ್ನು ಉಜ್ಜಿ ಅಳಿಸಿದ್ದು ಎರ್ಸಿಲಿಯಾಳ ಕೈ. ಗಂಡನಿಗೆ ಇಪ್ಪತ್ತೆರಡು ವರ್ಷ ಹೇಳದೆ ಮುಚ್ಚಿಟ್ಟದ್ದು ಇನ್ನು ಅವನ ಹೆಣದ ಮುಂದೆ ಬಯಲಾಗಬೇಕೇ?

*

ದೆರೂತಾದಲ್ಲಿ ಎರಡು ಮನೆಗೊಂದು ಮನೆಯವರು ಮಣ್ಣಿನ ಕೆಲಸದವರು. ಹೆಂಗಸರು ಹೆಚ್ಚಾಗಿ ಕುಂಚ ಹಿಡಿದು ಹೂಬಳ್ಳಿ ಬರೆಯಲು ಕೂರುತ್ತಾರೆ. ಎರ್ಸಿಲಿಯಾಗೆ ಯಾರೂ ಕುಂಚ ಕೊಡಲಿಲ್ಲ. ತಂದೆತಾಯಿ ಇಲ್ಲದ ಹುಡುಗಿಯನ್ನು ಅವಳ ಚಿಕ್ಕಮ್ಮ ಹದಿನಾಲ್ಕನೆಯ ವಯಸ್ಸಿಗೆ ಕಾರ್ಖಾನೆಯ ಹಿತ್ತಲಿಗೆ ಕರೆತಂದು ಬೂದಿಯ ತೊಟ್ಟಿಯ ಮುಂದೆ ಕೂರಿಸಿದಳು. ಹೊನ್ನಿನ ಮೆರುಗಿನ ಸಾಮಾನು ಎರಡು ಸಲ ಬೆಂದ ಮೇಲೆ ಮೂರನೆಯ ಸಲ ಸಣ್ಣ ಆವಿಗೆಯಲ್ಲಿ, ಹಸಿ ಪೊದೆಕಟ್ಟಿಗೆಯ ಹೊಗೆಯಲ್ಲಿ ಬೇಯಬೇಕು. ಹೊರಗೆ ಬರುವಾಗ ಬಾಣಲೆಯ ತಳದಂತೆ ಕರಿ ಹಿಡಿದಿರುತ್ತದೆ. ನೋಡಿದವರು ಕೆಟ್ಟಿತೆಂದೇ ತಿಳಿಯಬೇಕು. ಒದ್ದೆ ಬಟ್ಟೆಗೆ ಬೂದಿ ಹಚ್ಚಿ ಉಜ್ಜಿದರೆ ಅಡಿಯಿಂದ ಹೊನ್ನು ಏಳುತ್ತದೆ.

ಮೂವತ್ತು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ. ಪಕ್ಕದಲ್ಲಿ ಕೂರುತ್ತಿದ್ದ ದೀನಾ ಅರ್ಧ ದಿನ ತಿಕ್ಕಿದರೂ ಮಂಕಾಗಿಯೇ ಇರುತ್ತಿದ್ದ ತಟ್ಟೆ ಎರ್ಸಿಲಿಯಾಳ ಕೈಗೆ ಬಂದು ಹತ್ತು ನಿಮಿಷಕ್ಕೆ ಕಣ್ಣು ಕೋರೈಸುತ್ತಿತ್ತು. ಕೈಗುಣ ಎಂದು ಎಲ್ಲರೂ ಹೇಳುತ್ತಿದ್ದರು. ಅವಳಿಗೆ ಆಸ್ತಿ, ಹೆಸರು, ರೂಪ ಯಾವುದೂ ಇರಲಿಲ್ಲ. ಇದ್ದದ್ದು ಆ ಎರಡು ಕೈ.

ರುಫೀನೊ ಕಾರ್ಖಾನೆಗೆ ಕಾಗದ ತರುವವನು. ಕಾಗದ ಕೊಟ್ಟಾದ ಮೇಲೂ ಹಿತ್ತಲಿಗೆ ಬಂದು, ಕರಿಯ ತಟ್ಟೆಯಲ್ಲಿ ಹೊನ್ನು ಮೂಡುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. “ಇವ್ನು ತಟ್ಟೆ ನೋಡ್ತಾನೋ ನಿನ್ನ ನೋಡ್ತಾನೋ?” ಎಂದು ದೀನಾ ಛೇಡಿಸುತ್ತಿದ್ದಳು. ಎರಡನ್ನೂ ನೋಡುತ್ತಿದ್ದ ಎಂದು ಆಮೇಲೆ ತಿಳಿಯಿತು. ಮದುವೆಯಾದಾಗ ಅವಳಿಗೆ ಮೂವತ್ತೈದು, ಅವನಿಗೆ ಮೂವತ್ತೊಂಬತ್ತು. ಮಕ್ಕಳಾಗಲಿಲ್ಲ.

ಅಂಚೆಯ ಸೈಕಲ್ಲು ಗುಡ್ಡದ ಮೇಲಿನ ತೋಟದ ಮನೆಗಳಿಗೆಲ್ಲ ಹೋಗುತ್ತಿತ್ತು. ಅಲ್ಲಿ ಅಜ್ಜಂದಿರ ಕಾಲದ ತಟ್ಟೆಗಳು ಕೋಳಿಗೆ ಕಾಳು ಹಾಕಲು, ಹಾಲಿನ ಪಾತ್ರೆ ಮುಚ್ಚಲು ಬಿದ್ದಿರುತ್ತಿದ್ದವು. ಅವನಿಗೆ ಮೊದಲು ಸಿಕ್ಕಿದ್ದೇ ಬಾಗಿಲ ಮೇಲಿನ ಈ ತಟ್ಟೆ, ಮಾರ್ಸೀಲಿಯೊ ಎಂಬವನ ಮನೆಯ ಉಪ್ಪುನೀರಿನ ಆಲಿವ್ ಜಾಡಿಯ ಮೇಲೆ. ಒಲೆಯ ಹೊಗೆ ಕುಡಿದು ಕುಡಿದು ಕಪ್ಪಾಗಿತ್ತು. ಅಡಿಯಲ್ಲಿ ಒಬ್ಬ ಹೆಣ್ಣು ಸ್ವಲ್ಪ ತಿರುಗಿ ನೋಡುತ್ತಿದ್ದಾಳೆಂದು ಕಷ್ಟಪಟ್ಟು ತಿಳಿಯಬೇಕು. ರುಫೀನೊ ಅದನ್ನು ಭಾನುವಾರ ಭಾನುವಾರ ಮಾತ್ರ ಕೈಗೆ ತೆಗೆದುಕೊಂಡು, ಬಾಯಿಂದ ಆವಿ ಊದಿ, ಹಳೆಯ ರೇಷ್ಮೆ ಚೂರಿನಿಂದ ಒಂದು ಬೆರಳಗಲ ಒರೆಸುವನು. ಒಂದು ವರ್ಷಕ್ಕೆ ಅಂಚಿನ ಬಳ್ಳಿ, ಇನ್ನೊಂದು ವರ್ಷಕ್ಕೆ ಕುತ್ತಿಗೆ ಕಂಡಿತು. ಮುಖ ತೆರೆಯುವುದಕ್ಕೆ ಮೂರನೆಯ ವರ್ಷ ಬಂತು. ಕೂದಲ ಹತ್ತಿರ ಬರುವಷ್ಟರಲ್ಲಿ ಅವನಿಗೆ ಪಿತ್ತಕೋಶದ ಕಲ್ಲು ಬಾಧಿಸಿ, ಪೆರೂಜಾದ ಆಸ್ಪತ್ರೆಯಲ್ಲಿ ಮೂರು ವಾರ ಮಲಗಬೇಕಾಯಿತು.

ಬರುವಷ್ಟರಲ್ಲಿ ಮುಗಿಸಿಡೋಣ, ನೋಡಿ ಕುಣಿದಾಡಲಿ ಎಂದುಕೊಂಡಳು ಎರ್ಸಿಲಿಯಾ. ಇಪ್ಪತ್ತು ಸಾವಿರ ತಟ್ಟೆ ಉಜ್ಜಿದ ಕೈಗೆ ಇದೊಂದು ಯಾವ ಲೆಕ್ಕ? ಬೂದಿ ತಂದಳು, ಒಂದಿಷ್ಟು ವಿನಿಗರ್ ಬೆರೆಸಿದಳು, ಕಿಟಕಿಯ ಬಳಿ ಕೂತಳು. ಕರಿ ಹೋಯಿತು. ಹೆರಳಿನಲ್ಲಿ ಹೊನ್ನು ಎದ್ದಿತು, ಅವಳು ಹುಟ್ಟಿದ ಮೇಲೆ ಕಂಡಿರದಂಥ ಹೊನ್ನು. ಇನ್ನೂ ಸ್ವಲ್ಪ ಏಳುತ್ತದೆ ಎಂದಿತು ಕೈ. ಹೊಸ ತಟ್ಟೆಯಾಗಿದ್ದರೆ ಏಳುತ್ತಿತ್ತು. ಐನೂರು ವರ್ಷದಲ್ಲಿ ಸವೆದು ಈರುಳ್ಳಿಯ ಒಳಸಿಪ್ಪೆಯಷ್ಟೂ ಉಳಿದಿರದ ಹೊನ್ನು ಅದು. ಅವಳು ಬಟ್ಟೆ ತೆಗೆದು ನೋಡಿದಾಗ ಹೆರಳು ಬೆಳ್ಳಗಾಗಿತ್ತು. ನೀಲಿ ಗೆರೆಗಳಷ್ಟೇ ಉಳಿದಿದ್ದವು.

ಒದ್ದೆ ಬಟ್ಟೆಯಲ್ಲಿ ಹೊನ್ನು ಹುಡುಕಿದಳು. ಬರೀ ಬೂದಿಯಿತ್ತು.

*

“ರುಫೀನೊ ಅವರು ಒಳ್ಳೆ ಕಾಗದ ಇದ್ರೆ ತಿರುವಿನಲ್ಲೇ ಸೈಕಲ್ ಗಂಟೆ ಬಾರಿಸೋರು,” ಎಂದು ಮಾರ್ಸೀಲಿಯೊ ಹೇಳುತ್ತಿದ್ದ. ಗುಡ್ಡದಿಂದ ಮದುವೆಯ ಕೋಟು ಹಾಕಿಕೊಂಡೇ ಇಳಿದು ಬಂದಿದ್ದ. ಹೆಣವಿದ್ದ ಕೋಣೆಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ನೆರೆಯವರು ತಂದ ಕಾಫಿ ಕೈಯಿಂದ ಕೈಗೆ ಹೋಗುತ್ತಿತ್ತು. “ಯುದ್ಧದ ಕಾಲ ನೋಡಿ. ಕೆಟ್ಟ ಸುದ್ದಿ ಇದ್ರೆ ಗಂಟೆ ಇಲ್ಲ. ಸುಮ್ನೆ ಬಂದು ಮೊದ್ಲು ನೀರು ಕೇಳೋರು. ನಮ್ಮಮ್ಮ ನೀರು ತಂದ್ರೆ, ‘ನೀನೂ ಕೂತ್ಕೋ ತಾಯಿ’ ಅನ್ನೋರು. ನಮ್ಮಣ್ಣ ಸತ್ತ ಸುದ್ದಿ ತಂದ ದಿನ ಸಾಯಂಕಾಲದವರೆಗೂ ಹೋಗ್ಲೇ ಇಲ್ಲ. ನಮ್ಮ ಹಸು ಹಾಲು ಕರೆದುಕೊಟ್ಟಿದ್ದು ಅವರೇ.”

“ಹಾಲು ಕರೆಯೋಕೆ ಬರ್ತಿತ್ತಾ ಅವನಿಗೆ?” ಎಂದಳು ಪಾಲ್ಮೀರಾ.

“ಎಲ್ಲಿ ಬರ್ತಿತ್ತು? ಅರ್ಧ ನೆಲಕ್ಕೆ, ಅರ್ಧ ಷರಾಯಿಗೆ. ಆದ್ರೂ ಕರೆದ್ರು.”

ಜನ ನಕ್ಕರು. ಮಾರ್ಸೀಲಿಯೊ ಕಣ್ಣೊರೆಸಿಕೊಂಡ. “ಆ ತಟ್ಟೆ ತಗೊಂಡು ಹೋಗಪ್ಪಾ ಅಂತ ಅಮ್ಮ ಎಷ್ಟು ಸಲ ಹೇಳಿದ್ಳು! ಇವ್ರು ‘ಇದು ತುಂಬಾ ಹಳೇದು, ಬೆಲೆ ಬಾಳೋದು, ತಿಳಿದೋರಿಗೆ ತೋರಿಸಿ’ ಅಂತ ಮೂರು ತಿಂಗಳು ಮುಟ್ಟಲಿಲ್ಲ. ಕೊನೆಗೆ ಅಮ್ಮ ಸೈಕಲ್ ಚೀಲದಲ್ಲಿ ತಾನೇ ತುರುಕಿದ್ಳು.”

ಎರ್ಸಿಲಿಯಾ ತಲೆದೆಸೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದಳು. ತಟ್ಟೆ ಆಗಲೇ ಪೆಟ್ಟಿಗೆಯಲ್ಲಿ, ಅವನ ಕಾಲಿನ ಬಳಿ, ಹೊದಿಕೆಯಡಿಯಲ್ಲಿ ಮುಖ ಕೆಳಗಾಗಿ ಮಲಗಿತ್ತು. ಅವನಿಗೆ ಯಾರ ಮನೆಯದ್ದನ್ನೂ ಮೋಸದಿಂದ ಪಡೆದು ಗೊತ್ತಿರಲಿಲ್ಲ. ಅವನ ಮನೆಯಲ್ಲೇ ಮೋಸವಿತ್ತು.

ದೀನಾ ಬಂದು ಅವಳ ಪಕ್ಕದಲ್ಲಿ ಕುಕ್ಕರಿಸಿದಳು. ಮಂಡಿ ನೋವು, ಉಬ್ಬಸ, ಆದರೂ ನಾಲಿಗೆ ಮಾತ್ರ ಹದಿನೆಂಟರದ್ದು.

“ಕೊನೇ ಸಲ ಒಂದ್ಸಾರಿ ತೋರಿಸೇ ಅವಳ ಮುಖಾನ. ಇಪ್ಪತ್ತು ವರ್ಷದಿಂದ ಆ ಬಾಗ್ಲ ಮೇಲೆ, ಕತ್ಲೇಲಿ ಇಟ್ಬಿಟ್ಟಿದ್ದೆ. ಕತ್ತೆತ್ತಿ ನೋಡಿ ನೋಡಿ ನಂಗೆ ಕತ್ತು ಉಳುಕಿತ್ತೇ ಹೊರತು ಏನೂ ಕಾಣ್ಲಿಲ್ಲ.”

“ಬೇಡ. ಮುಚ್ಚಿಬಿಟ್ಟಿದೀನಿ.”

“ಹೊದಿಕೆ ತಾನೇ? ಎತ್ತಿದ್ರಾಯ್ತು.”

“ಬೇಡ ಅಂದ್ನಲ್ಲ ದೀನಾ!”

ಮಾತು ಗಟ್ಟಿಯಾಯಿತು. ದೀನಾ ಅವಳ ಮುಖವನ್ನೇ ನೋಡಿ, ಕೈ ಹಿಡಿದುಕೊಂಡಳು.

*

ಆಸ್ಪತ್ರೆಯಿಂದ ಬಂದ ದಿನ ರುಫೀನೊ ಕೋಲೂರಿಕೊಂಡು ಒಳಗೆ ಬಂದು, ಕಿಟಕಿಯ ಪಕ್ಕದ ಬರಿಯ ಮೊಳೆ ನೋಡಿದ್ದ. ಆಮೇಲೆ ಕತ್ತೆತ್ತಿ ಬಾಗಿಲ ಮೇಲೆ ನೋಡಿದ್ದ.

“ಅಲ್ಲಿ ಬಿಸಿಲು ಬೀಳತ್ತೆ ಅಂತ ಮೇಲೆ ಹಾಕ್ದೆ,” ಎಂದು ಎರ್ಸಿಲಿಯಾ ಒಲೆಯ ಕಡೆ ತಿರುಗಿಕೊಂಡೇ ಹೇಳಿದ್ದಳು.

ಅವನು ಬಹಳ ಹೊತ್ತು ನೋಡಿದ. “ಎತ್ತರಕ್ಕೆ ಹೋದ್ಮೇಲೆ ರಾಣಿ ಥರ ಕಾಣ್ತಾಳೆ,” ಎಂದ. “ಅಲ್ಲೇ ಇರ್ಲಿ. ಸಾರು ಹಾಕು, ಆಸ್ಪತ್ರೆ ಸಾರು ಕುಡಿದು ನಾಲಿಗೆ ಸತ್ತುಹೋಗಿದೆ.”

ಅಷ್ಟೇ. ಆ ಹೆಣ್ಣಿನ ಕೂದಲು ಒರೆಸುವುದು ಬಾಕಿಯಿದೆಯೆಂಬ ಮಾತನ್ನು ಅವನು ಮತ್ತೆಂದೂ ಎತ್ತಲಿಲ್ಲ. ಪ್ರತಿ ವರ್ಷ ಈಸ್ಟರಿಗೆ ಮುಂಚೆ, ಪಾದ್ರಿಗಳು ಮನೆಗೆ ತೀರ್ಥ ಚಿಮುಕಿಸಲು ಬರುವ ವಾರ, ಗಂಡಹೆಂಡಿರು ಕೂತು ಎಲ್ಲ ತಟ್ಟೆ ಇಳಿಸಿ ಒರೆಸುವರು. ಬಾಗಿಲ ಮೇಲಿನದರ ಸರದಿ ಬಂದಾಗ ಸರಿಯಾಗಿ ಅವನಿಗೆ ತಂಬಾಕು ಮುಗಿದಿರುತ್ತಿತ್ತು. ಅವನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವಳು ಕುರ್ಚಿ ಹತ್ತಿ ಒರೆಸಿ ಇಳಿದಿರುತ್ತಿದ್ದಳು. ದೇವರು ದೊಡ್ಡವನು, ಈ ವರ್ಷವೂ ಪಾರಾದೆ ಎಂದುಕೊಳ್ಳುತ್ತಿದ್ದಳು.

*

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಡಗಿ ಬೆರ್ತೊ ಮುಚ್ಚಳ ತಂದು ಗೋಡೆಗೆ ನಿಲ್ಲಿಸಿದ. ಅದೇ ಹೊತ್ತಿಗೆ ಲಂದೀನಿ ಮೇಡಂ ಮೆಟ್ಟಿಲು ಹತ್ತಿ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಬೂದುಬಣ್ಣದ ಕೋಟು, ಕೈಯಲ್ಲಿ ರಟ್ಟಿನ ಒಂದು ಸಣ್ಣ ಪೆಟ್ಟಿಗೆ. ಬಾಗಿಲಲ್ಲೇ ಪಾಲ್ಮೀರಾ ಅವರನ್ನು ಹಿಡಿದುಕೊಂಡು ತಟ್ಟೆಯ ಕತೆಯನ್ನೆಲ್ಲ ಒದರಿದ್ದು ಎರ್ಸಿಲಿಯಾಗೆ ಕೇಳಿಸಿತು. ಅವಳು ಹೆಣದ ಪೆಟ್ಟಿಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಲಂದೀನಿ ಸತ್ತವನಿಗೆ ತಲೆಬಾಗಿ, ಶಿಲುಬೆಯ ಗುರುತು ಮಾಡಿಕೊಂಡು, ಅವಳ ಬಳಿ ಬಗ್ಗಿದರು. “ಅಮ್ಮಾ, ಹೋದ ತಿಂಗಳು ರುಫೀನೊ ಅವರು ಈ ಪೆಟ್ಟಿಗೆ ನನಗೆ ಕೊಟ್ಟಿದ್ರು. ಒಂದೊಂದು ತಟ್ಟೆಗೆ ಒಂದೊಂದು ಚೀಟಿ ಬರೆದಿದಾರೆ. ನಾನು ಹೋದ್ಮೇಲೆ ತೆಗೀರಿ ಅಂದಿದ್ರು. ನಿನ್ನೆ ತೆಗೆದೆ. ಆ ಮೊದಲನೇ ತಟ್ಟೆ ನಮಗಲ್ಲ, ನಿಮ್ಮದು. ಏನು ಮಾಡಿದ್ರೂ ನಿಮ್ಮ ಇಷ್ಟ. ಆದ್ರೆ ಮುಚ್ಚೋ ಮೊದ್ಲು ನೀವು ಇದನ್ನ ಓದ್ಬೇಕು ಅನ್ನಿಸ್ತು, ಅದಕ್ಕೇ ಓಡಿ ಬಂದೆ.”

“ನನ್ನ ಕನ್ನಡಕ ಎಲ್ಲಿದ್ಯೋ. ನೀವೇ ಓದಿ.”

ಲಂದೀನಿ ಸುತ್ತಲೂ ನೋಡಿ ದನಿ ತಗ್ಗಿಸಿದರು. “ಇಲ್ಲೇನಾ? ಇದರಲ್ಲಿ ನಿಮ್ಮ ಹೆಸರಿದೆ ಅಮ್ಮಾ. ಕೂದಲಿನ ವಿಷಯ ಇದೆ.”

ಹಾಗಾದರೆ ರುಫೀನೊಗೆ ಗೊತ್ತಿತ್ತು. ಎಂದಿನಿಂದ? ಎರ್ಸಿಲಿಯಾ ಗಂಡನ ಮುಖ ನೋಡಿದಳು. ಅವನೇನೂ ಹೇಳುವಂತಿರಲಿಲ್ಲ. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಬಹುದಿತ್ತು. ಚೀಟಿ ಹರಿದು ಒಲೆಗೆ ಹಾಕಿ ಎಂದರೂ ಲಂದೀನಿ ಹಾಕುತ್ತಿದ್ದರು. ಬೆರ್ತೊ ಮುಚ್ಚಳ ಹಿಡಿದು ನಿಂತಿದ್ದ. ಅದು ಮುಚ್ಚಿದರೆ ಎಲ್ಲ ಮುಗಿಯುತ್ತಿತ್ತು. ಬಚ್ಚಿಟ್ಟುಕೊಂಡು ಬದುಕಿ ಅವಳಿಗೆ ಸಾಕಾಗಿತ್ತು.

“ಗಟ್ಟಿಯಾಗಿ ಓದಿ,” ಎಂದಳು.

ಲಂದೀನಿ ಓದಿದರು. “ಸಂಖ್ಯೆ ಒಂದು. ದೊಡ್ಡ ತಟ್ಟೆ, ಹೆಣ್ಣಿನ ಮುಖ. ಸಿಕ್ಕಿದ್ದು ಮಾರ್ಸೀಲಿಯೊ ಮನೆಯ ಆಲಿವ್ ಜಾಡಿಯ ಮೇಲೆ. ಮಾಡಿದವರು ಯಾರೆಂದು ಗೊತ್ತಿಲ್ಲ. ಹೆರಳಿನ ಹೊನ್ನು ಹೋಗಿದೆ. ನಾನು ಆಸ್ಪತ್ರೆಯಲ್ಲಿದ್ದಾಗ, ನನಗೆ ಸಂತೋಷವಾಗಲೆಂದು ನನ್ನ ಹೆಂಡತಿ ಉಜ್ಜಿದ್ದಾಳೆ. ಮನೆಗೆ ಬಂದು ಕತ್ತೆತ್ತಿ ನೋಡಿದ ಕೂಡಲೇ ತಿಳಿಯಿತು. ಮೊದಲ ದಿನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಆಮೇಲೆ ಅವಳು ಆ ಮೂರು ವಾರ ಒಬ್ಬಳೇ ಕೂತು ನನಗಾಗಿ ಉಜ್ಜಿದ್ದನ್ನು ನೆನೆದು ಹೊಟ್ಟೆ ತಣ್ಣಗಾಯಿತು. ನನಗೆ ಗೊತ್ತಿದೆಯೆಂದು ಅವಳಿಗೆ ಹೇಳಲಿಲ್ಲ. ಹೇಳಿದರೆ ಉಳಿದ ತಟ್ಟೆ ಮುಟ್ಟುವುದನ್ನೇ ಬಿಟ್ಟಾಳು, ಅವಳಂತೆ ಧೂಳು ತೆಗೆಯುವವರು ಈ ಊರಲ್ಲಿಲ್ಲ. ಇದನ್ನು ಯಾರೂ ಸರಿಪಡಿಸಕೂಡದು. ಮ್ಯೂಸಿಯಂಗೆ ಕೊಡುವುದಿಲ್ಲ. ಕೊನೆಯ ಕೈ: ಎರ್ಸಿಲಿಯಾ.”

ಮೊದಲು ಬಾಯಿ ಬಿಟ್ಟವಳು ದೀನಾ. “ಇಪ್ಪತ್ತೆರಡು ವರ್ಷ! ಒಂದೇ ಮನೇಲಿ ಕೂತು ಇಬ್ರೂ ಕಣ್ಣಾಮುಚ್ಚಾಲೆ ಆಡಿದ್ರೇನ್ರೇ?”

ಯಾರೋ ಕಿಸಕ್ಕೆಂದರು. ಮಾರ್ಸೀಲಿಯೊ ಕೆಮ್ಮಿದಂತೆ ಮಾಡಿ ನಕ್ಕ. ಎರ್ಸಿಲಿಯಾ ಎದ್ದು ಗಂಡನ ಕಡೆ ಬಗ್ಗಿದಳು.

“ಕಳ್ಳ!” ಎಂದಳು. “ತಂಬಾಕು ಅಂತೆ, ತಂಬಾಕು! ಪ್ರತೀ ವರ್ಷ ಅದೇ ದಿನ ಖಾಲಿ ಆಗ್ತಿತ್ತಾ ನಿಮ್ಮ ಚೀಲ? ಕುರ್ಚಿ ಮೇಲೆ ನಿಂತು ನನ್ನ ಜೀವ ಬಾಯಿಗೆ ಬರ್ತಿತ್ತು. ಒಂದು ಮಾತು ಆಡ್ಬಾರ್ದಿತ್ತಾ? ಒಂದೇ ಒಂದು ಸಲ ಬೈದುಬಿಟ್ಟಿದ್ರೆ ಏನಾಗ್ತಿತ್ತು?” ಬೈಯುತ್ತ ಬೈಯುತ್ತ ಅಳು ಬಂತು. ಮೊನ್ನೆಯಿಂದ ಬಾರದ ಅಳು, ಈಗ ತಡೆಯಿಲ್ಲದೆ ಬಂತು. ಇಂಥವನ ಜೊತೆ ಬಾಳಿದೆನಲ್ಲ, ಇವನ ಸಾರಿಗೆ ನಾನು ಉಪ್ಪು ಹಾಕಿದೆನಲ್ಲ ಎಂದು ಅವಳ ಮನಸ್ಸು ತುಂಬಿಹೋಯಿತು. ಅವನ ತಣ್ಣನೆಯ ಕೈ ಹಿಡಿದು, “ಒಳ್ಳೇದಾಗ್ಲಿ ನಿಮಗೆ, ಎಲ್ಲಿದ್ರೂ ಒಳ್ಳೇದಾಗ್ಲಿ,” ಎಂದಳು.

ಬೆರ್ತೊ ಮೆಲ್ಲಗೆ ಕೇಳಿದ: “ಅಮ್ಮಾ, ಮುಚ್ಚಳ ಹಾಕ್ಲಾ? ಪಾದ್ರಿಗಳು ಕಾಯ್ತಿದಾರೆ.”

“ತಡಿ.”

ಹೊದಿಕೆಯ ತುದಿ ಎತ್ತಿ ಅವಳು ತಟ್ಟೆಯನ್ನು ಹೊರತೆಗೆದಳು. ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದಳು. ಅಂಚಿನ ಬಳ್ಳಿ, ಕುತ್ತಿಗೆಯ ಸರ, ರವಿಕೆಯ ತೋಳು ಎಲ್ಲವೂ ಹೊನ್ನು. ತಲೆಯೊಂದು ಮಾತ್ರ ಬೆಳ್ಳಗಿತ್ತು.

“ನಾನೇ ಉಜ್ಜಿದ್ದು,” ಎಂದಳು ಎಲ್ಲರಿಗೂ ಕೇಳುವಂತೆ. “ಕೂದಲೆಲ್ಲ ಹೋಗಿದ್ದು ನನ್ನ ಕೈಯಿಂದ.”

ದೀನಾ ಎದ್ದು ಬಂದು, ತಟ್ಟೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಕಸುಬಿನವಳ ಕಣ್ಣಿನಿಂದ ಮೇಲಿಂದ ಕೆಳಗೆ ನೋಡಿದಳು. “ಗೆರೆ ಒಂದೂ ಅಳಿಸಿಲ್ಲ,” ಎಂದಳು. “ಅಂಥಾ ಕೈ ಇದು. ಅವಳಿಗೂ ನಮ್ಮ ಹಾಗೆ ವಯಸ್ಸಾಯ್ತು ಬಿಡು, ಅದಕ್ಯಾಕೆ ಅಳ್ತೀಯ.”

ಬೆರ್ತೊ ತಿರುಪು ಬಿಗಿದ. ಮಾರ್ಸೀಲಿಯೊ ಮತ್ತು ಮೂವರು ಹೆಗಲು ಕೊಟ್ಟರು. ಕೆಳಗಿನ ಬೀದಿಯಿಂದ ಚರ್ಚಿನ ಚೌಕಕ್ಕೆ ಏರುದಾರಿ. ಕಾರ್ಖಾನೆಗಳ ಬಾಗಿಲಲ್ಲಿ ಕೆಲಸದವರು ಮಣ್ಣಿನ ಕೈಗಳಿಂದಲೇ ಟೋಪಿ ತೆಗೆದು ನಿಂತಿದ್ದರು. ಪೆಟ್ಟಿಗೆಯ ಹಿಂದೆ ಎರ್ಸಿಲಿಯಾ ನಡೆದಳು. ಎಲ್ಲರೂ ಹೂ ಹಿಡಿದಿದ್ದರು. ಅವಳು ಎರಡು ಕೈಯಲ್ಲೂ ತಟ್ಟೆ ಹಿಡಿದಿದ್ದಳು, ಮುಖ ಬೀದಿಯ ಕಡೆಗೆ. ನವೆಂಬರಿನ ತೆಳುಬಿಸಿಲು ಬಿದ್ದಾಗಲೆಲ್ಲ ಎದುರಿನ ಗೋಡೆಗಳ ಮೇಲೆ ಹಳದಿ ಬೆಳಕು ಓಡಾಡುತ್ತಿತ್ತು.

ಚರ್ಚಿನ ಬಾಗಿಲಲ್ಲಿ ಪಾಲ್ಮೀರಾ ಕೈ ಚಾಚಿದಳು. “ಕೊಡತ್ತಿಗೆ, ನಾನು ಹಿಡ್ಕೋತೀನಿ. ನೀನು ತೀರ್ಥ ಮುಟ್ಟಬೇಕಲ್ಲ.”

ಎರ್ಸಿಲಿಯಾ ಕೊಡಲಿಲ್ಲ. ತಟ್ಟೆಯನ್ನು ಕೂಸಿನಂತೆ ಎಡಗೈಗೆ ಒರಗಿಸಿಕೊಂಡಳು, ಬಲಗೈಯನ್ನು ಬಾಗಿಲ ಬಳಿಯ ತೀರ್ಥದ ಬಟ್ಟಲಲ್ಲಿ ಅದ್ದಿ ತನ್ನ ಹಣೆಗೆ ಹಚ್ಚಿಕೊಂಡಳು, ಉಳಿದ ಒಂದು ಹನಿಯನ್ನು ಆ ಬಿಳಿಯ ಹೆರಳಿಗೆ ಹಚ್ಚಿ ಒಳಗೆ ನಡೆದಳು.